ಇಲ್ಲ ಅನ್ನಬಾರದು, ನೋವು ಅನ್ನಬಾರದು

ನಮ್ಮ ಕಡೆ ಈಗ ಕಾಲು ಮುರಿದುಕೊಂಡು ಬಿದ್ದವನಿಗೂ "ಪಾಸಿಟಿವ್ ಆಗಿ ಇರ್ರಿ" ಅಂತ ಹೇಳಿದ ಮೇಲೇ ಜನ ಆಟೋ ಕರೆಯುವುದು. ನನ್ನ ಮನೆ ಕೊಪ್ಪಳದಲ್ಲಿ, ಟೀಚರ್ ಕೆಲಸ ಬೇವೂರಿನ ಹತ್ತಿರದ ಒಂದು ಹಳ್ಳಿಯಲ್ಲಿ. ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ಇಂಥ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ನನ್ನ ಪಕ್ಕದ ಸೀಟಿಗೆ ಬಂದು ಕೂಡುತ್ತವೆ.

ಇಲ್ಲ ಅನ್ನೋ ಹಂಗಿಲ್ಲ

ನಮ್ಮ ಹೆಡ್‌ಮಾಸ್ತರರು ವ್ಯಕ್ತಿತ್ವ ವಿಕಸನದ ಶಿಬಿರ ಮುಗಿಸಿ ಬಂದರು. ಬಂದವರೇ ನಮ್ಮನ್ನೆಲ್ಲ ಸೇರಿಸಿ, "ಇವತ್ತಿನಿಂದ ಈ ಸಾಲ್ಯಾಗ ಯಾರೂ 'ಇಲ್ಲ' ಅನ್ನಬಾರದು. ಇಲ್ಲ ಅಂದ್ರ ಇಲ್ಲದಂಗ ಆಗತೈತಿ. ಐತಿ ಅನ್ರಿ, ತಾನ ಬರತೈತಿ" ಅಂದರು. ಬಿಸಿಯೂಟ ಮಾಡುವ ಅಕ್ಕನೂ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

ಮರುದಿನ ಬೆಳಿಗ್ಗೆ ಅವರು ನನ್ನನ್ನೂ ಕರೆದುಕೊಂಡು ಅಡುಗೆ ಕೋಣೆಗೆ ಹೋಗಿ, "ಬ್ಯಾಳಿ ಐತೇನವ್ವ?" ಅಂತ ಕೇಳಿದರು.

ಅಕ್ಕ ಒಂದು ಸಲ ನನ್ನ ಮುಖ ನೋಡಿದಳು. "ಐತ್ರಿ ಸರ."

"ಎಣ್ಣಿ?"

"ಐತ್ರಿ."

"ಶಭಾಷ್! ನೋಡ್ರಿ ಟೀಚರ್, ಒಂದ ದಿನದಾಗ ಎಷ್ಟು ಬದಲಾಗ್ಯಾಳ!"

ಮಧ್ಯಾಹ್ನ ಮಕ್ಕಳು ತಾಟು ಹಿಡಿದು ಸಾಲಾಗಿ ಕುಳಿತವು. ಬಂದದ್ದು ಬರೀ ಬಿಳಿ ಅನ್ನ. ಹೆಡ್‌ಮಾಸ್ತರರು ಓಡಿ ಬಂದರು.

"ಏನವ್ವ ಇದು? ಬ್ಯಾಳಿ ಐತಿ ಅಂದಿದ್ದೆಲ್ಲ?"

"ಐತ್ರಿ ಸರ," ಅಂದಳು ಅಕ್ಕ, "ಬೇವೂರಿನ ಅಂಗಡ್ಯಾಗ."

ಕನ್ನಡಿ ಮುಂದಿನ ಹುಲಿ

ನನ್ನ ಯಜಮಾನರದು ಬೀಜ, ಗೊಬ್ಬರದ ಅಂಗಡಿ. ಮೊಬೈಲಿನಲ್ಲಿ ಯಾರದೋ ಭಾಷಣ ಕೇಳಿ, ದಿನಾ ಸ್ನಾನ ಮಾಡಿ ಬಂದು ಕನ್ನಡಿ ಮುಂದೆ ನಿಲ್ಲುವುದಕ್ಕೆ ಶುರು ಮಾಡಿದರು. ಮುಷ್ಟಿ ಬಿಗಿಹಿಡಿದು, "ನಾನು ಗೆಲ್ಲುತ್ತೇನೆ! ನಾನು ಹುಲಿ!" ಅಂತ ಕೂಗುವರು. ಆಚೆ ಕೋಣೆಯಲ್ಲಿ ಪೂಜೆಗೆ ಕುಳಿತ ನಮ್ಮ ಅತ್ತೆಯವರ ಕೈಯಿಂದ ಗಂಟೆ ಜಾರುವುದು.

ಒಂದು ದಿನ ಅತ್ತೆ ನನ್ನನ್ನು ಹಿತ್ತಿಲಿಗೆ ಕರೆದರು. "ನಿನ್ನ ಗಂಡ ಒಬ್ಬನ ನಿಂತು ಯಾರ ಜೋಡಿ ಮಾತಾಡ್ತಾನವ್ವ?"

"ಕನ್ನಡಿ ಜೋಡಿರಿ ಅತ್ತಿ."

"ಏನಂತಾನ?"

"ಹುಲಿ ಅದೀನಿ ಅಂತಾರ್ರಿ."

ಅಮಾವಾಸ್ಯೆಯ ದಿನ ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಮಗನ ರಟ್ಟೆಗೆ ಕರಿದಾರ ಕಟ್ಟಿದರು. ಇವರು ಕೈ ಜಗ್ಗಿಕೊಂಡು, "ಅವ್ವಾ, ಇದಕ್ಕ ಆತ್ಮವಿಶ್ವಾಸ ಅಂತಾರ!" ಅಂದರು.

"ಹೆಸರು ಏನರ ಇರಲಿ ತಮ್ಮಾ," ಅಂದರು ಅತ್ತೆ, "ಮುಂದಿನ ಅಮಾಸಿಗೆ ಬಿಟ್ಟು ಹೋಗತೈತಿ."

ನೋವಿಲ್ಲದ ಹಲ್ಲು

ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ ಮಾಡುವ ನನ್ನ ಅಣ್ಣನಿಗೆ ದವಡೆ ಹಲ್ಲು ಕೆಟ್ಟಿತ್ತು. ಒಂದು ರವಿವಾರ ನಾನು ಹೋದಾಗ ಅವನ ಒಂದು ಗಲ್ಲ ಊದಿ ಬನ್ನಿನ ಹಾಗೆ ಆಗಿತ್ತು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗುತ್ತಿದ್ದ.

"ದವಾಖಾನಿಗೆ ಯಾಕ ಹೋಗಿಲ್ಲೋ ಅಣ್ಣಾ?"

"ನೋವು ಅನ್ನೂದು ಬರೇ ವಿಚಾರ ತಂಗಿ. ಮನಸ್ಸಿನಿಂದ ತಗದ್ರ ಹೋತು." ಇಷ್ಟು ಹೇಳುವುದಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಒಳಗಿನಿಂದ ಅವನ ಹೆಂಡತಿ, ನಮ್ಮ ವೈನಿ, "ರಾತ್ರೆಲ್ಲಾ ನರಳ್ತಾರ, ಕೇಳಿದ್ರ ಧ್ಯಾನ ಅಂತಾರ" ಅಂದಳು.

ನಾವಿಬ್ಬರೂ ಸೇರಿ ಅವನನ್ನು ಹಲ್ಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆವು.

"ಎಲ್ಲಿ ನೋವೈತ್ರಿ?" ಅಂದರು ಡಾಕ್ಟರು.

"ನೋವು ಇಲ್ರಿ. ಒಂದು ಅನುಭವ ಐತಿ, ಅಷ್ಟ."

ಡಾಕ್ಟರು ಬಾಯೊಳಗೆ ಟಾರ್ಚು ಬಿಟ್ಟು ನೋಡಿದರು. ಆಮೇಲೆ ನರ್ಸಿನ ಕಡೆ ತಿರುಗಿ ಸಮಾಧಾನವಾಗಿ, "ಹಲ್ಲು ಕೀಳೂದೈತಿ. ಇವರಿಗೆ ನೋವು ಅನ್ನೂದ ಇಲ್ಲಂತ, ಜೋಮು ಹಿಡಿಸೋ ಇಂಜೆಕ್ಷನ್ ಬ್ಯಾಡ ಬಿಡ್ರಿ" ಅಂದರು.

ಅಣ್ಣ ಎರಡೂ ಕೈಯಿಂದ ಕುರ್ಚಿ ಹಿಡಿದುಕೊಂಡ. "ಬೇಕ್ರಿ! ನೋವೈತ್ರಿ ಸಾಹೇಬ್ರ! ಭಾಳ ಐತ್ರಿ! ದೀಪಾವಳಿಯಿಂದ ಐತ್ರಿ!"

ನಗೆಕೂಟ

ನಮ್ಮ ಪಕ್ಕದ ಮನೆಯ ಹಿರಿಯಾಕೆ, ನಾವೆಲ್ಲ ಕಾಕು ಅನ್ನುವವರು, ಗಂಡನನ್ನು ಕಳೆದುಕೊಂಡಿದ್ದರು. ಬಂದವರೆಲ್ಲ, "ಅಳಬ್ಯಾಡ್ರಿ, ಪಾಸಿಟಿವ್ ಆಗಿ ಇರ್ರಿ" ಅಂತ ಹೇಳಿ ಚಹಾ ಕುಡಿದು ಹೋಗುತ್ತಿದ್ದರು. ಕಾಕು ಪಾಪ, ಎಲ್ಲರಿಗೂ ನಕ್ಕು ತೋರಿಸುತ್ತಿದ್ದರು. ಆ ನಗು ನನಗೆ ನೋಡಲಾಗುತ್ತಿರಲಿಲ್ಲ. ಮನಸ್ಸು ಹಗುರಾಗಲಿ ಅಂತ ನಾನೇ ಒಂದು ಮುಂಜಾನೆ ಅವರನ್ನು ಪಾರ್ಕಿನ ನಗೆಕೂಟಕ್ಕೆ ಕರೆದುಕೊಂಡು ಹೋದೆ.

ಕೂಟದ ಗುರುಗಳು ರಿಟೈರಾದ ಸರ್ಕಾರಿ ನೌಕರರು. "ಕೈ ಮ್ಯಾಲೆತ್ರಿ! ಹೊಟ್ಟಿ ತುಂಬ ನಗ್ರಿ! ಹೋ ಹೋ, ಹಾ ಹಾ!" ಅಂದರು. ಕಾಕು ಕೈ ಎತ್ತಿದರು, ಹೋ ಹೋ ಅಂದರು. ಹಾ ಹಾ ಅನ್ನುವಷ್ಟರಲ್ಲಿ ದನಿ ಒಡೆಯಿತು. ಅಲ್ಲೇ ಹುಲ್ಲಿನ ಮೇಲೆ ಕುಳಿತು ಅಳುವುದಕ್ಕೆ ಶುರು ಮಾಡಿದರು.

ಗುರುಗಳು ಗಾಬರಿಯಾದರು. "ಅಳಬಾರದ್ರಿ ಅಮ್ಮಾ, ಇಲ್ಲಿ ಬರೇ ನಗೂದು..."

"ತಡೀರಿ ಯಪ್ಪಾ," ಅಂದರು ಕಾಕು. "ಅವರು ಹೋದಾಗಿಂದ ಯಾರೂ ನನಗ ಅಳಾಕ ಬಿಟ್ಟಿಲ್ಲ. ಇವತ್ತ ಪೂರಾ ಅತ್ತು ಬಿಡ್ತೀನಿ."

ಮಗಳನ್ನು ದೂರದ ಊರಿಗೆ ಕೊಟ್ಟಿದ್ದ ಒಬ್ಬಾಕೆ ಸೆರಗು ಬಾಯಿಗೆ ಹಿಡಿದಳು. ಅವಳ ಹಿಂದೆ ಇನ್ನೊಬ್ಬಾಕೆ ಮೂಗು ಸೀಟಿದಳು. ಕಾಕುವಿನ ಬೆನ್ನು ಸವರುತ್ತಿದ್ದ ನನಗೂ ತಡೆಯಲಾಗಲಿಲ್ಲ. ಕೊನೆಗೆ ಗುರುಗಳೇ ಕರ್ಚೀಫು ತೆಗೆದರು. "ನನ್ನ ತಮ್ಮ ನನ್ನ ಜೋಡಿ ಮಾತು ಬಿಟ್ಟಾನ್ರಿ. ದಿನಾ ಎಲ್ಲಾರ್ನೂ ನಗಸ್ತೀನಿ, ನೀ ಹ್ಯಾಂಗದಿ ಅಂತ ನನ್ನ ಯಾರೂ ಕೇಳಂಗಿಲ್ಲ!" ಅಂತ ಅವರೂ ಹುಲ್ಲಿನ ಮೇಲೆ ಕುಳಿತರು.

ವಾಕಿಂಗ್ ಹೊರಟಿದ್ದ ಹಿರಿಯರೊಬ್ಬರು ನಮ್ಮನ್ನು ನೋಡಿ ನಿಂತರು. ಚಪ್ಪಲಿ ಬಿಟ್ಟು, ಟೋಪಿ ತೆಗೆದು, ಮೆಲ್ಲಗೆ ಬಂದು ಕೈ ಮುಗಿದರು.

"ಯಾರು ತೀರಿಕೊಂಡಾರ್ರಿ? ಮಣ್ಣು ಎಷ್ಟೊತ್ತಿಗೈತಿ?"

ಗುರುಗಳು ಮೂಗು ಒರೆಸಿಕೊಳ್ಳುತ್ತ ತಲೆ ಎತ್ತಿದರು.

"ಯಾರೂ ತೀರಿಕೊಂಡಿಲ್ರಿ. ಇದು ನಗೆಕೂಟ. ದಿನಾ ಇರತೈತಿ, ನೀವೂ ಬರ್ರಿ."