ಅತ್ತೆಯ ದನಿಗೊಂದು ಫೈರ್ ಪ್ರೂಫ್ ಪೆಟ್ಟಿಗೆ

ನಮ್ಮ ಸೋದರಮಾವ ಈ ಪ್ರಪಂಚದಲ್ಲಿ ಯಾರನ್ನೂ ನಂಬುವುದಿಲ್ಲ, ಬೆಂಕಿಯೊಂದನ್ನು ಬಿಟ್ಟು! "ಬೆಂಕಿ ಮಾತಿಗೆ ತಪ್ಪಲ್ಲ ಕಣ್ಲಾ. ಸುಡ್ತೀನಿ ಅಂದ್ರೆ ಸುಟ್ಟೇ ಸುಡ್ತದೆ" ಎನ್ನುತ್ತಾರೆ. ಹಾಗೆನ್ನುವ ಹಕ್ಕು ಅವರಿಗಿದೆ ಬಿಡಿ. ಬೆಟ್ಟದಪುರದ ಪಕ್ಕದ ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆದು, ಬ್ಯಾರನ್ ಎಂಬ ಎತ್ತರದ ಮನೆಯಲ್ಲಿ ಒಲೆಯ ಕಾವಿಗೆ ಬೇಯಿಸಿ, ಆ ಒಲೆಯ ಮುಂದೆಯೇ ತಲೆ ಬೆಳ್ಳಗೆ ಮಾಡಿಕೊಂಡವರು. ಹೋದ ವರ್ಷ ಆ ಬ್ಯಾರನ್ನಿಗೇ ಬೆಂಕಿ ಬಿದ್ದು, ಪಕ್ಕದ ಕೋಣೆಯ ಟ್ರಂಕಿನಲ್ಲಿದ್ದ ಜಮೀನಿನ ಪತ್ರಗಳೂ ಸೊಪ್ಪಿನ ಜೊತೆಗೇ ಹೋದವು. "ಸೊಪ್ಪಿಗಿಂತ ಪತ್ರನೇ ಎಸ್ಟು ಚೆಂದಾಗಿ ಬೆಂದಿದ್ವು ಅಂತೀಯ!" ಎಂದು ಇವತ್ತಿಗೂ ನೆಂಟರ ಮುಂದೆ ವರ್ಣಿಸುತ್ತಾರೆ.

ನಕಲು ಪತ್ರಗಳಿಗಾಗಿ ಅಲೆದು ಅಲೆದು ಮಾವನ ಚಪ್ಪಲಿ ಸವೆದ ಮೇಲೆ ನಾನು ಫೋನು ಮಾಡಿ, "ಮಾವ, ಇನ್ನು ಮುಂದೆ ಬೇಕಾದ್ದು ಫೈರ್ ಪ್ರೂಫ್..." ಎಂದೆ. "ಪೆಟ್ಟಿಗೆ" ಎನ್ನುವಷ್ಟರಲ್ಲಿ ಲೈನು ಕಟ್ಟಾಯಿತು. ಮಾರನೆಯ ದಿನ ಬೆಳಿಗ್ಗೆ ಮಾವ ಯಾವುದೋ ಕಚೇರಿಯ ಕಿಟಕಿಯ ಮುಂದೆ ಹಾಜರ್!

"ಅಡ್ರೆಸ್ ಪ್ರೂಫ್ ಐತೆ, ಏಜ್ ಪ್ರೂಫ್ ಐತೆ. ಫೈರ್ ಪ್ರೂಫ್ ಒಂದಿಲ್ಲ ಸಾ. ಬರ್ಕೊಡಿ."

ಒಳಗಿದ್ದ ಗುಮಾಸ್ತರು ಕನ್ನಡಕ ಏರಿಸಿಕೊಂಡರಂತೆ. "ಬೆಂಕಿ ಬಿದ್ದಿತ್ತು ಅನ್ನೋದಕ್ಕೆ ದಾಖಲೆ ಏನಾದರೂ ಇದೆಯಾ ಯಜಮಾನ್ರೇ?"

"ದಾಖ್ಲೆ ಇತ್ತು ಸಾ. ಅದ್ಕೇ ಬೆಂಕಿ ಬಿದ್ದದ್ದು!"

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪುರಾಣ ಬಿಚ್ಚುತ್ತಿರಲಿಲ್ಲ. ಈ ವರ್ಷ ಅತ್ತೆಯ ಗಂಟಲಿನಲ್ಲಿ ಒಂದು ಗಂಟು ಕಾಣಿಸಿತು. ಮೈಸೂರಿನ ಡಾಕ್ಟರು ನೋಡಿ, "ಜೀವಕ್ಕೇನೂ ಭಯವಿಲ್ಲ, ಆಪರೇಷನ್ ಮಾಡಿ ತೆಗೆಯೋಣ. ದನಿ ಮಾತ್ರ ಒರಟಾಗಬಹುದು. ಕೆಲವರಿಗೆ ವಾಪಸ್ ಬರುತ್ತೆ, ಕೆಲವರಿಗೆ ಹಾಗೇ ಉಳಿಯುತ್ತೆ" ಎಂದರು. ಬೇರೆಯವರಿಗಾದರೆ ಒರಟು ದನಿ ಏನು ಮಹಾ? ನಮ್ಮ ಅತ್ತೆ ಊರಿನ ಸೋಬಾನೆ ಹಾಡುವ ಹೆಂಗಸು! ಹೆಣ್ಣು ಒಪ್ಪಿಸುವಾಗ ಅವರೊಂದು ಹಾಡು ಹೇಳುತ್ತಾರೆ. ಸಾಲಿಗ್ರಾಮದ ಕಡೆಯಿಂದ ಬಂದ ಅವರ ಅವ್ವ ಕಲಿಸಿದ್ದು. ಬೇರೆ ಯಾರಿಗೂ ಪೂರಾ ಬರುವುದಿಲ್ಲ, ಕೊನೆಯಲ್ಲಿ "ಸೋ..." ಎಂದು ದನಿಗೂಡಿಸಲು ಮಾತ್ರ ಬರುತ್ತದೆ.

ಅತ್ತೆ ಹಾಡಿದಾಗಲೆಲ್ಲ "ಕಾಗೆಗೆ ಅನ್ನ ಇಕ್ರಪ್ಪೋ" ಎಂದು ರೇಗಿಸುತ್ತಿದ್ದ ಮಾವ ಅವತ್ತು ಬಸ್ಸಿನಲ್ಲಿ ಪಿರಿಯಾಪಟ್ಟಣದವರೆಗೂ ಅತ್ತೆಯ ಚೀಲವನ್ನು ತಾವೇ ಮಡಿಲಲ್ಲಿಟ್ಟುಕೊಂಡು ಕೂತಿದ್ದರಂತೆ. ಆಮೇಲೊಂದು ಮಧ್ಯಾಹ್ನ, ಅತ್ತೆ ಬ್ಯಾರನ್ನಿನ ಮುಂದೆ ಒಳಗೆ ನೇತುಹಾಕುವ ಕಡ್ಡಿಗೆ ಸೊಪ್ಪು ಕಟ್ಟುತ್ತಾ ಆ ಹಾಡು ಗುನುಗುತ್ತಿದ್ದಾಗ, ಈ ಮಹಾಶಯರು ಫೋನನ್ನು ಹೆಗಲ ಟವೆಲಿನಲ್ಲಿ ಸುತ್ತಿಕೊಂಡು ಪಕ್ಕದಲ್ಲೇ ಕೂತು ಪೂರ್ತಿ ರೆಕಾರ್ಡ್ ಮಾಡಿದರು. ಅತ್ತೆಗೆ ಗೊತ್ತೇ ಇಲ್ಲ. ಹಾಡು ಉಗುರಿನಷ್ಟು ಅಗಲದ ಮೆಮೊರಿ ಕಾರ್ಡಿಗೆ ಇಳಿಯಿತು. ಇನ್ನು ಅದನ್ನಿಡುವುದೆಲ್ಲಿ? ಬೆಂಕಿಯ ಮೇಲೆ ಅಷ್ಟೊಂದು ನಂಬಿಕೆ ಇಟ್ಟವರಿಗೆ ನಿದ್ದೆ ಹೇಗೆ ಬರಬೇಕು ಹೇಳಿ!

ಪ್ರಯೋಗಗಳು ಶುರುವಾದವು. ಕೆಟ್ಟುಹೋದ ಬೇರೊಂದು ಕಾರ್ಡನ್ನು ಅತ್ತೆಯ ರಾಗಿಹಿಟ್ಟಿನ ಡಬ್ಬಿಯಲ್ಲಿಟ್ಟು ಬ್ಯಾರನ್ನಿನ ಒಲೆಗೆ ತಳ್ಳಿದರು. ಕಾರ್ಡು ಕರಗಿತು, ಡಬ್ಬಿ ಕಪ್ಪಾಯಿತು, ಅತ್ತೆ ಕೆಂಪಾದರು. "ನಿಮ್ ಮಾವಂಗೆ ಡಬ್ಬಿನೂ ಸೊಪ್ಪಂಗೆ ಕಾಣ್ತದೆ ಕಣಪ್ಪ. ನಾಳೆ ನನ್ನೂ ಕಡ್ಡಿಗೆ ಕಟ್ಟಿ ನೇತಾಕ್ತರೆ!"

ಡಬ್ಬಿಗಳೆಲ್ಲ ಮುಗಿದು ಹೋಗುವ ಮೊದಲು ನಾನೇ ಮಾವನನ್ನು ಹುಣಸೂರಿನ ಬೀರು-ತಿಜೋರಿ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವರು ದಪ್ಪ ಗೋಡೆಯ ಪೆಟ್ಟಿಗೆಯೊಂದನ್ನು ತಟ್ಟಿ, "ಒಂದು ಗಂಟೆ ಬೆಂಕಿ ತಡೆಯುತ್ತೆ" ಎಂದರು.

"ಎರಡ್ನೇ ಗಂಟೆಗೆ?"

"ಅಷ್ಟೊತ್ತಿಗೆ ಫೈರ್ ಎಂಜಿನ್ ಬಂದಿರುತ್ತಲ್ಲ ಯಜಮಾನ್ರೇ!"

"ನಮ್ಮೂರಿಗಾ? ಬಸ್ಸೇ ಬರಲ್ಲ!"

ಅಂಗಡಿಯವರು ಮಾತು ಬದಲಿಸಿದರು. "ಒಳಗೆ ಏನಿಡ್ತೀರಾ?"

"ಕಾರ್ಡು."

"ರೇಷನ್ ಕಾರ್ಡಾ?"

"ನಮ್ಮನೆಯವಳ ಕಾರ್ಡು." ಮಾವ ಅಂಗಿಯ ಒಳಜೇಬಿನಿಂದ ಅದನ್ನು ತೆಗೆದು ಅಂಗೈಯಲ್ಲಿ ಹಿಡಿದರು.

ಅಂಗಡಿಯವರು ಪ್ರಾಮಾಣಿಕರು. ತಲೆ ಅಲ್ಲಾಡಿಸಿಬಿಟ್ಟರು. "ಈ ಪೆಟ್ಟಿಗೆ ಕಾಗದಕ್ಕೆ ಸರಿ. ಬೆಂಕಿಯೇನೋ ಒಳಗೆ ಬರಲ್ಲ, ಕಾವು ಬರುತ್ತೆ. ಕಾಗದ ತಡ್ಕೊಳ್ಳೋ ಕಾವನ್ನ ಈ ಕಾರ್ಡು ತಡ್ಕೊಳ್ಳಲ್ಲ. ಇಂಥದಕ್ಕೇ ಅಂತ ಬೇರೆ ಪೆಟ್ಟಿಗೆ ಬರುತ್ತೆ, ನಮ್ಮಲ್ಲಿಲ್ಲ."

ನಾನು ಅರ್ಥ ಮಾಡಿಸಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮಾವ ನನಗೇ ಪಾಠ ಶುರು ಮಾಡಿದರು. "ನಮ್ ಬ್ಯಾರನ್ನೂ ಅಂಗೇ ಅಲ್ವೇನ್ಲಾ? ಸೊಪ್ಪಿಗೆ ಬೆಂಕಿ ಮುಟ್ಟಾಕೇ ಇಲ್ಲ. ಪೈಪಿನ ಕಾವಲ್ಲೇ ಬೇಯ್ತದೆ." ಹೊಸ ಪತ್ರಗಳಿಗೆಂದು ಆ ಪೆಟ್ಟಿಗೆಯನ್ನು ಕೊಂಡರು. ಕಾರ್ಡು ಮತ್ತೆ ಒಳಜೇಬಿಗೆ ಹೋಯಿತು.

ದಾರಿಯಲ್ಲಿ ಹೊಗೆಸೊಪ್ಪಿನ ಖಾಲಿ ಸಸಿಮಡಿಯೊಂದನ್ನು ಕಂಡು ಮಾವ ತಟಕ್ಕನೆ ನಿಂತರು. "ಲೇ, ಸಸಿನ ಒಂದೇ ಕಡೆ ಯಾಕ್ಲಾ ಆಕಲ್ಲ ನಾವು? ಇಲ್ಲಿ ರೋಗ ಬಂದ್ರೆ ಅಲ್ಲಿರ್ಲಿ ಅಂತ ತಾನೆ? ನಿಮ್ಮತ್ತೆ ಆಡೂ ಅಂಗೇ ಮಾಡಾನ!"

ನನ್ನ ಫೋನಿಗೊಂದು, ಅವರ ಮಗಳ ಫೋನಿಗೊಂದು ಸಾಕು ಎಂದೆ. ಕೇಳಿಯಾರೇ? ಊರಿನ ಪ್ರತಿಯೊಂದು ಫೋನಿಗೂ ಬಿತ್ತನೆ ನಡೆಯಿತು! ಆಪರೇಷನ್ನಿಗೆ ಮುಂಚೆ ಅತ್ತೆ ಕೆ.ಆರ್. ನಗರದ ಬಸ್ಸಿನಲ್ಲಿ ಕೂತಿದ್ದಾಗ, ಗುರುತೇ ಇಲ್ಲದ ಗಂಡಸೊಬ್ಬನ ಜೇಬಿನಿಂದ ಸೋಬಾನೆ ಕೇಳಿಸಿತು. "ಅಯ್ಯೋ ಶಿವನೇ, ನಾನ್ ಇಲ್ಲಿ ಬಾಯ್ ಮುಚ್ಕಂಡ್ ಕುಂತಿವ್ನಿ, ಅಲ್ಲಿ ಆಡ್ತಿರೋಳು ಯಾರು?" ಎಂದು ಎದ್ದೇ ನಿಂತರಂತೆ. ಮನೆಗೆ ಬಂದು ಮಾವನಿಗೆ ಮಂಗಳಾರತಿ: "ಊರ್ಗೆಲ್ಲ ಮಜ್ಜಿಗೆ ಉಯ್ದಂಗೆ ನನ್ ದನಿ ಅಂಚವ್ರಲ್ಲ ಇವ್ರು!"

"ಎಲ್ಲಾರ್ ಮನೆಗೂ ಒಂದೇ ದಿನ ಬೆಂಕಿ ಬೀಳಲ್ಲ ಬುಡು" ಎಂದರು ಮಾವ. ಅತ್ತೆ ಬಯ್ಯುವುದನ್ನು ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡರು.

ಆಪರೇಷನ್ ಸುಸೂತ್ರವಾಗಿ ಆಯಿತು. ಗಂಟು ಹೋಯಿತು. ದನಿ ಮಾತ್ರ ಪಿಸುಮಾತಿಗೆ ಇಳಿಯಿತು. ನಿಧಾನಕ್ಕೆ ಬರುತ್ತೆ, ಕಾಯಬೇಕು ಎಂದರು ಡಾಕ್ಟರು. ಕಾದೆವು. ಪಿಸುಮಾತು ಮಾತಾಯಿತು. ಹಾಡಿನ ಸುದ್ದಿಯನ್ನು ಮಾತ್ರ ಅತ್ತೆ ಎತ್ತಲೇ ಇಲ್ಲ.

ಮೊನ್ನೆ ಎದುರು ಮನೆಯ ಹುಡುಗಿಯ ಮದುವೆ. ಹೆಣ್ಣು ಒಪ್ಪಿಸುವ ಹೊತ್ತಿಗೆ ಅತ್ತೆ ಕಂಬದ ಹಿಂದೆ ಸರಿದು ಕೂತರು. ಆಗ ಊರಿನ ಹುಡುಗಿಯರೆಲ್ಲ ಸೇರಿ ಆ ಹಾಡನ್ನು ಎತ್ತಿಕೊಂಡರು ನೋಡಿ! ಫೋನಿನಲ್ಲಿ ಕೇಳಿ ಕೇಳಿ ಪೂರಾ ಕಲಿತುಬಿಟ್ಟಿದ್ದರು. ಒಂದಕ್ಷರ ಬಿಟ್ಟಿಲ್ಲ. ನಡುವೆ ಒಂದು ಕಡೆ ಎಲ್ಲರೂ ಒಕ್ಕೊರಲಿನಿಂದ, ಅದೇ ರಾಗದಲ್ಲಿ, "ಉಶ್! ಮುಂಡೇದೇ, ಸೊಪ್ಪ್ ಕೆದರ್ಬ್ಯಾಡ!" ಎಂದರು. ಅವತ್ತು ಸೊಪ್ಪು ಕಟ್ಟುವಾಗ ಅತ್ತೆ ಕೋಳಿಯನ್ನು ಗದರಿಸಿದ್ದೂ ಹಾಡಿನೊಳಗೆ ಸೇರಿಹೋಗಿತ್ತು! ಅಳುತ್ತಿದ್ದ ಮದುಮಗಳು ಫಕ್ಕನೆ ನಕ್ಕಳು.

"ಅದು ಆಡಲ್ಲ ಕಣ್ರವ್ವಾ, ಕೋಳಿಗೆ ಅಂದಿದ್ದು!" ಎಂದು ಅತ್ತೆ ನಗುತ್ತಲೇ ಎದ್ದು ಬಂದರು. "ಅಲ್ಲಿ ಇಂಗ್ ಬತ್ತದೆ, ಕೇಳಿ" ಎಂದು ಮುಂದಿನ ಸಾಲನ್ನು ತಾವೇ ಎತ್ತಿದರು. ದನಿ ಒರಟಾಗಿತ್ತು. ಮೇಲೇರುವ ಕಡೆ ಒಡೆಯಿತು. ನಿಂತರು, ಉಗುಳು ನುಂಗಿದರು, ಮತ್ತೆ ಮೊದಲಿನಿಂದ ಎತ್ತಿದರು. ಈ ಸಲ ಹತ್ತಿತು.

ನಾನು ಗಡಿಬಿಡಿಯಿಂದ ಫೋನು ತೆಗೆದೆ. "ಮಾವ, ರೆಕಾರ್ಡ್ ಮಾಡ್ತೀನಿ ತಾಳಿ!"

ಮಾವ ನನ್ನತ್ತ ನೋಡದೆಯೇ ನನ್ನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು.

"ಮಡುಗ್ಲಾ ಅತ್ಲಾಗೆ. ಆಡ್ತಾವ್ಳೆ, ಕೇಳು."