ಪಾರ್ಕ್‌ಲ್ಯಾಂಡ್ಸ್ ಹೋಟೆಲಿನ ಹಟಮಾರಿಗಳು

ಹೋಟೆಲ್ ಮ್ಯಾನೇಜರ್ ಆದವನು ಗಂಭೀರವಾಗಿರಬೇಕು ಅಂತ ನಾನು ದಿನಾ ಟೈ ಕಟ್ಟುವಾಗ ನಿರ್ಧರಿಸುತ್ತೇನೆ. ತಿಂಡಿ ಹೊತ್ತು ಮುಗಿಯುವುದರೊಳಗೆ ಯಾರಾದರೂ ಅದನ್ನು ಕೆಡಿಸುತ್ತಾರೆ. ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ನಮ್ಮ ಹೋಟೆಲು. ಮೇಲೆ ರೂಮುಗಳು, ಕೆಳಗೆ ಊಟದ ಹಾಲ್. ಸಫಾರಿಗೆ ಹೊರಟವರೂ ಬರುತ್ತಾರೆ, ಊರಿನ ಆಫೀಸಿನವರೂ ಬರುತ್ತಾರೆ.

ಉಬ್ಬಿದ ಹಿಟ್ಟು

ನೈರೋಬಿಯ ಜುಲೈ ಚಳಿಗೆ ದೋಸೆ ಹಿಟ್ಟು ಉಬ್ಬುತ್ತಲೇ ಇರಲಿಲ್ಲ. "ಬಿಡ್ರೀ, ಮೆನುವಿನಿಂದ ದೋಸೆ ತೆಗೆದುಹಾಕೋಣ," ಅಂದರು ಮಾಲೀಕರು. ಮೈಸೂರಿನವನು ನಾನು, ದೋಸೆ ಬಿಡುವುದುಂಟೇ? ಬಟ್ಟೆ ಒಗೆಯುವ ಕೋಣೆಯಲ್ಲಿ ಡ್ರೈಯರ್ ಪಕ್ಕ ಬೆಚ್ಚಗಿರುತ್ತದೆ. ಹಿಟ್ಟಿನ ಬಕೆಟ್ಟನ್ನು ಅಲ್ಲಿ ಶೆಲ್ಫಿನ ಮೇಲಿಟ್ಟೆ.

ಬೆಳಿಗ್ಗೆ ಮಾಲೀಕರು ಕೇಳಿದರು: "ಉಬ್ಬಿತೇನ್ರೀ?"

"ಉಬ್ಬಿತು ಸರ್."

"ಎಲ್ಲೀವರೆಗೆ?"

"ಎರಡನೇ ಮಹಡಿಯವರಿಗೆ ಮಡಚಿಟ್ಟಿದ್ದ ಟವೆಲ್‌ಗಳವರೆಗೆ."

"ದೋಸೆ ಇರಲಿ. ಗಿರಾಕಿಗಳು ಟವೆಲ್ ಜೊತೆ ಚಟ್ನಿ ಕೇಳುವ ಮೊದಲು ಒಗೆಸಿ," ಅಂದರು.

ಕಲಿತವರು, ಕಲಿಸಿದವರು

ಜರ್ಮನಿಯ ಪ್ರವಾಸಿಯೊಬ್ಬ ಮಸಾಲೆ ದೋಸೆಯನ್ನು ಕೈಯಲ್ಲೇ ತಿನ್ನುತ್ತೇನೆ ಅಂತ ಹಟ ಹಿಡಿದ. ಪಕ್ಕದ ಟೇಬಲಿನಲ್ಲಿ ಅಪ್ಪರ್ ಹಿಲ್‌ನ ಬ್ಯಾಂಕೊಂದರಲ್ಲಿರುವ ಇಲ್ಲಿಯವರೇ ಆದ ಹೆಂಗಸು ಉಗಾಲಿ ತಿನ್ನುತ್ತಿದ್ದರು. ಉಗಾಲಿ ಅಂದರೆ ಮುಸುಕಿನ ಜೋಳದ ಮುದ್ದೆ ಅನ್ನಿ. ಉಂಡೆ ಕಟ್ಟಿ, ಹೆಬ್ಬೆರಳಲ್ಲಿ ಗುಳಿ ಮಾಡಿ, ಅದರಲ್ಲಿ ಪಲ್ಯ ಎತ್ತಿಕೊಳ್ಳುತ್ತಾರೆ. ಆಕೆಯನ್ನು ನೋಡಿ ಈತನೂ ದೋಸೆಯನ್ನು ಉಂಡೆ ಕಟ್ಟಿ, ಗುಳಿ ಮಾಡಿ, ಸಾಂಬಾರ್ ಎತ್ತಿದ. ಈತನನ್ನು ನೋಡಿ ಆಕೆಗೆ ಖುಷಿಯೋ ಖುಷಿ: ಇವನು ಇಂಡಿಯಾದಲ್ಲೇ ಕಲಿತಿರಬೇಕು, ಅಲ್ಲಿಯವರೂ ನಮ್ಮ ಹಾಗೇ ತಿನ್ನುತ್ತಾರೆ! ಮುಂದಿನ ವಾರ ತಮ್ಮ ಆಫೀಸಿನವರನ್ನೆಲ್ಲ ಕರೆತಂದು ಕಲಿಸಿಯೂಬಿಟ್ಟರು.

ನಾನು ಬಿಡಲಿಲ್ಲ. ಅವರ ಎದುರು ಕೂತು, ದೋಸೆ ಮುರಿದು, ಚಟ್ನಿಗೆ ಅದ್ದಿ ತಿಂದು ತೋರಿಸಿದೆ. ಆಕೆ ಕನಿಕರದಿಂದ ನೋಡಿ ಹೇಳಿದರು: "ಪಾಪ, ನೀವು ಊರು ಬಿಟ್ಟು ಬಹಳ ವರ್ಷ ಆಯಿತಲ್ಲ. ಮರೆತಿರುತ್ತೀರಿ."

ಸ್ವಾಗತ

ನಮ್ಮಲ್ಲಿ ಬಡಿಸುವ ಹುಡುಗಿ ಇಲ್ಲಿಯವಳೇ. ಕನ್ನಡ ಕಲಿತೇ ತೀರುತ್ತೇನೆ ಅಂತ ಪಣ ತೊಟ್ಟು, ನನ್ನ ಮಾತು ಕೇಳಿ ಕೇಳಿಯೇ ಕಲಿಯುತ್ತಿದ್ದಳು.

ಒಂದು ಭಾನುವಾರ ಇಲ್ಲಿನ ಔಷಧಿ ಕಂಪನಿಯೊಂದರ ಕನ್ನಡದ ಎಂಜಿನಿಯರ್ ಮನೆಮಂದಿಯ ಜೊತೆ ಬಂದರು. ಮಗಳ ನಿಶ್ಚಿತಾರ್ಥಕ್ಕೆ ಹಾಲ್ ನೋಡಬೇಕಿತ್ತು. ಆ ಬುಕಿಂಗ್ ನಮಗೆ ಬೇಕೇ ಬೇಕಿತ್ತು. ಹುಡುಗಿ ಬಾಗಿಲಲ್ಲಿ ಕೈಮುಗಿದು, ನಗುನಗುತ್ತಾ, ಸ್ಪಷ್ಟ ಕನ್ನಡದಲ್ಲಿ ಹೇಳಿದಳು: "ಯಾರೋ ಬಂದ್ರು ಕಣೇ, ಇಡು ಫೋನು. ತಲೆ ತಿನ್ನಬೇಡ."

ಗಿರಾಕಿಗಳು ಒಳಗೆ ಬಂದಾಗಲೆಲ್ಲ ನಾನು ಫೋನಿನಲ್ಲಿ ಹೆಂಡತಿಗೆ ಹೇಳುವ ಮಾತು ಅದು. ಸ್ವಾಗತ ಕೋರುವುದೇ ಹಾಗೆ ಅಂದುಕೊಂಡಿದ್ದಾಳೆ ಹುಡುಗಿ. ಓಡಿಹೋಗಿ ಎಲ್ಲ ವಿವರಿಸಿ ಕ್ಷಮೆ ಕೇಳಿದೆ. ಎಂಜಿನಿಯರ್ ಮುಖ ಬಿಗಿದೇ ಇತ್ತು. ಅವರ ತಾಯಿ ಮಾತ್ರ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, ಮಗನ ಕಡೆ ತಿರುಗಿದರು.

"ನಿಶ್ಚಿತಾರ್ಥ ಇಲ್ಲೇ ಆಗಲಿ ಕಣೋ. ಆದರೆ ಬಾಗಿಲಲ್ಲಿ ಇವಳೇ ನಿಲ್ಲಬೇಕು. ಬೀಗರಿಗೂ ಇದನ್ನೇ ಹೇಳಲಿ."