ಹನ್ನೆರಡು ಮೀಟರಿನ ಕೆರೆ

ನಮ್ಮ ಪಟ್ಟಣದಲ್ಲಿ ನಕ್ಷೆಯಲ್ಲಿ ಇರುವುದೆಲ್ಲ ಇರುತ್ತದೆ. ನಕ್ಷೆಯಲ್ಲಿ ಇಲ್ಲದ್ದು ಇರುವುದಿಲ್ಲ. ಇದು ನಿಯಮ ನಾಲ್ಕು.

ಅದರ ಪ್ರಕಾರ ನನ್ನ ಮನೆ ಕೆರೆಯಾಯಿತು.

ನಾನು ನಕ್ಷೆ ಕಚೇರಿಯ ಜವಾನ. ಓದಿದ್ದು ನಾಲ್ಕನೇ ಕ್ಲಾಸು. ನಿಧಾನಕ್ಕೆ ಹೇಳುತ್ತೇನೆ.

ನಮ್ಮಲ್ಲಿ ಕೈಯಿಂದ ಯಾರೂ ನಕ್ಷೆ ಬರೆಯುವುದಿಲ್ಲ. ಪಟ್ಟಣವೆಲ್ಲ ಕಂಪ್ಯೂಟರಿನೊಳಗೆ ಇದೆ. ಅದರ ಕೆಳಗೆ ಉದ್ದಕ್ಕೆ ಒಂದು ಬಿಳಿ ಪಟ್ಟಿ. ಅಲ್ಲಿ ಒಂದು ಸಾಲು ಟೈಪ್ ಮಾಡಬೇಕು. "ಗೆರೆ, ಆಸ್ಪತ್ರೆಯಿಂದ ಸೇತುವೆಗೆ, ಕೆಂಪು" ಅಂದರೆ ರಸ್ತೆ ಬರುತ್ತದೆ. ಹಸಿರು ಚೌಕ ಅಂದರೆ ಪಾರ್ಕು. ನೀಲಿ ವೃತ್ತ ಅಂದರೆ ಕೆರೆ. ಜಾಗ ಹೇಳಬೇಕು, ಅಳತೆ ಹೇಳಬೇಕು, ಎಂಟರ್ ಒತ್ತಬೇಕು. ನೆಲದ ಮೇಲೆ ಒಂದು ರಸ್ತೆ ಆಗಲು ಆರು ವರ್ಷ ಬೇಕು. ನಕ್ಷೆಯ ಮೇಲೆ ಒಂದು ಉಸಿರು ಸಾಕು. ಆದ್ದರಿಂದ ನಕ್ಷೆಯಲ್ಲಿ ಆದದ್ದನ್ನೇ ಆಯಿತು ಎಂದು ಬರೆದುಕೊಳ್ಳುವುದು ಪದ್ಧತಿ.

ನಮ್ಮ ನಕ್ಷೆ ಗುಮಾಸ್ತರಿಗೆ ಒಂದು ಅಭ್ಯಾಸ ಇತ್ತು. ಬೆಳಿಗ್ಗೆ ಬಂದ ಕೂಡಲೇ ಯಂತ್ರಕ್ಕೆ ಎಚ್ಚರ ಇದೆಯೋ ಇಲ್ಲವೋ ಎಂದು ನೋಡಲು ಒಂದು ವೃತ್ತ ಎಳೆಯುತ್ತಿದ್ದರು. ಮೊದಲ ದಿನ ನನ್ನನ್ನು ಕೇಳಿದರು.

"ಎಲ್ಲಾದ್ರೂ ಒಂದು ಜಾಗ ಹೇಳಣ್ಣ."

"ನನಗೆ ಗೊತ್ತಿರೋದು ನನ್ನ ಮನೆ ಒಂದೇ."

ಹಾಗೆ ನನ್ನ ಮನೆಯ ಮೇಲೆ ನೀಲಿ ವೃತ್ತ ಬಿತ್ತು. ನಡುವಿನಿಂದ ಅಂಚಿಗೆ ಹನ್ನೆರಡು ಮೀಟರ್. ಸಂಜೆ ಅಳಿಸಿ ಮನೆಗೆ ಹೋಗುತ್ತಿದ್ದರು. ಎಂಟು ವರ್ಷ ನಾನು ಬೆಳಿಗ್ಗೆ ಮುಳುಗಿ ಸಂಜೆ ತೇಲಿದೆ. ಹೆಂಡತಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾರನೇ ದಿನದಿಂದ ನಾನು ಹೊರಡುವಾಗ, "ನೀರು ಇಳಿದ ಮೇಲೇ ಬನ್ನಿ" ಅನ್ನುತ್ತಿದ್ದಳು.

ಹೋದ ವರ್ಷ ಅವಳು ತೀರಿಕೊಂಡಳು. ವೃತ್ತ ನಿಲ್ಲಲಿಲ್ಲ.

ಒಂದು ಮಂಗಳವಾರ ಮಧ್ಯಾಹ್ನ ನಾಲ್ಕಕ್ಕೆ ಗುಮಾಸ್ತರಿಗೆ ಬಡ್ತಿ ಆದೇಶ ಬಂತು. "ಈ ಕ್ಷಣದಿಂದ" ಎಂದು ಬರೆದಿತ್ತು. ಅವರು ಶಿಸ್ತಿನ ಮನುಷ್ಯ. ಆ ಕ್ಷಣದಲ್ಲೇ ಎದ್ದು ಪಕ್ಕದ ಕೋಣೆಗೆ ಹೋಗಿ ದೊಡ್ಡ ಕುರ್ಚಿಯಲ್ಲಿ ಕೂತರು. ವೃತ್ತ ಅಳಿಸಲಿಲ್ಲ. ಐದೂವರೆಗೆ ಯಂತ್ರ ಆ ದಿನದ ಗೆರೆಗಳನ್ನೆಲ್ಲ ಖಾಯಂ ಮಾಡಿಕೊಂಡಿತು.

ಬುಧವಾರ ಬೆಳಿಗ್ಗೆ ನಾನು ಪಕ್ಕದ ಕೋಣೆಗೆ ಹೋದೆ.

"ಸಾಹೇಬ್ರೇ, ನನ್ನ ಮನೆ ಮೇಲೆ ನಿಮ್ಮ ವೃತ್ತ ಉಳಿದುಬಿಟ್ಟಿದೆ."

"ಅದು ಗುಮಾಸ್ತ ಎಳೆದದ್ದಪ್ಪ. ಎಳೆದವನೇ ಅಳಿಸಬೇಕು. ನಿಯಮ ಒಂಬತ್ತು."

"ಗುಮಾಸ್ತರು ನೀವೇ ಅಲ್ವಾ?"

"ಆಗಿದ್ದೆ. ಈಗ ಆ ಮನುಷ್ಯ ಇಲ್ಲ."

"ಎದುರಿಗೇ ಕೂತಿದ್ದೀರಲ್ಲ."

"ನಾನು ಅಧಿಕಾರಿ. ಅಧಿಕಾರಿ ಟೈಪ್ ಮಾಡಿದ್ರೆ ದರ್ಜೆಗೆ ಕುಂದು. ನನಗೇನು ಆಸೆ ಇಲ್ವಾ ನಿನಗೆ ಸಹಾಯ ಮಾಡೋಕೆ? ಕೈ ಕಟ್ಟಿದೆ." ಹಾಗೆಂದು ಕೈ ಚಾಚಿ ಟೀ ತೆಗೆದುಕೊಂಡರು.

ನಿನ್ನೆವರೆಗೆ ನನ್ನನ್ನು ಅಣ್ಣ ಅನ್ನುತ್ತಿದ್ದರು. ಅಪ್ಪ ಆದದ್ದು ನನಗೂ ಒಂದು ಬಡ್ತಿ ಎಂದುಕೊಂಡೆ.

ಶುಕ್ರವಾರ ಇಂಜಿನಿಯರು ಕೆರೆ ನೋಡಲು ಬಂದರು. ಅಂಗಳದಲ್ಲಿ ಅಳತೆ ಕೋಲು ನಿಲ್ಲಿಸಿದರು. ಬಗ್ಗಿ ನೋಡಿದರು. ಬರೆದುಕೊಂಡರು: "ಆಳ ಸೊನ್ನೆ. ನೀರು ತಿಳಿಯಾಗಿದೆ." ಚಪ್ಪಲಿ ಒರೆಸಿಕೊಂಡು ಹೋದರು.

ಸೋಮವಾರ ಬಾಗಿಲಿಗೆ ನೋಟೀಸು ಅಂಟಿತು.

"ಸಾರ್ವಜನಿಕರ ಗಮನಕ್ಕೆ. ಸದರಿ ಕೆರೆಯ ಮಧ್ಯಭಾಗದಲ್ಲಿ ಒಂದು ಮನೆಯು ಅನುಮತಿಯಿಲ್ಲದೆ ನಿಂತಿರುವುದು ಕಂಡುಬಂದಿದೆ. ಸದರಿ ಮನೆಯನ್ನು ಹದಿನೈದು ದಿನಗಳೊಳಗಾಗಿ ಕೆಡವತಕ್ಕದ್ದು. ಕೆಡವುವಾಗ ಮೀನುಗಳಿಗೆ ತೊಂದರೆಯಾಗದಂತೆ ಎಚ್ಚರ ವಹಿಸತಕ್ಕದ್ದು."

ಮನೆ ದೊಡ್ಡದೇನಲ್ಲ. ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆ ಬಾಗಿಲ ಪಕ್ಕ ಗೋಡೆಯ ಮೇಲೆ ಒಂದು ಅಂಗೈ ಗುರುತು ಇದೆ. ಬಣ್ಣ ಹೊಡೆಸಿದ ದಿನ, ಒಣಗಿದೆಯಾ ಅಂತ ನೋಡಲು ಅವಳು ಕೈ ಇಟ್ಟಳು. ಒಣಗಿರಲಿಲ್ಲ. ಆಮೇಲೆ ನಾನು ಬಣ್ಣ ಹೊಡೆಸಿಲ್ಲ.

ಬೇರೆ ಮನೆ ಸಿಗುತ್ತದೆ. ಆ ಗೋಡೆ ಸಿಗುವುದಿಲ್ಲ.

ನನ್ನ ನಾದಿನಿ, ಅಂದರೆ ಹೆಂಡತಿಯ ತಂಗಿ, ಮೂರು ಬೀದಿ ಆಚೆ ಇರುತ್ತಾಳೆ. ಬಟ್ಟೆ ಹೊಲಿಯುತ್ತಾಳೆ. ಬಾಯಿ ಕತ್ತರಿಗಿಂತ ಚುರುಕು. ನೋಟೀಸು ಓದಿ ಸೊಂಟಕ್ಕೆ ಕೈ ಇಟ್ಟಳು.

"ಭಾವ, ನೀವು ಇಪ್ಪತ್ತು ವರ್ಷ ಆ ಆಫೀಸಿನ ಕಸ ಗುಡಿಸಿದ್ರಿ. ಈಗ ಅವರು ನಿಮ್ಮನ್ನೇ ಗುಡಿಸ್ತಿದ್ದಾರೆ."

"ನಿಯಮ ಇದೆಯಂತೆ ಕಣೇ."

"ನಿಯಮದ ಮುಖಕ್ಕೆ ಮಂಗಳಾರತಿ! ಹೋಗಿ ಜಗಳ ಆಡಿ. ಅಕ್ಕ ಇದ್ದಿದ್ರೆ ಆ ಸಾಹೇಬನ ಕಿವಿ ಹಿಂಡಿ ಕರ್ಕೊಂಡು ಬರ್ತಿದ್ಳು."

ಬರುತ್ತಿದ್ದಳು. ನನಗೆ ಜಗಳ ಬರುವುದಿಲ್ಲ. ಕಸ ಗುಡಿಸಲು ಬರುತ್ತದೆ.

ಏಳನೇ ದಿನ ಇನ್ನೊಂದು ಆದೇಶ ಬಂತು. "ನಕ್ಷೆ ಗುಮಾಸ್ತರ ಹುದ್ದೆಯು ಖಾಲಿ ಇರುವುದರಿಂದ ಮತ್ತು ಖಾಲಿ ಇರುವ ಹುದ್ದೆಯನ್ನು ಖಾಲಿ ಇಡತಕ್ಕದ್ದಲ್ಲವಾದ್ದರಿಂದ, ಸದರಿ ಕೋಣೆಯ ಬೀಗದ ಕೈ ಯಾರ ಜೇಬಿನಲ್ಲಿರುತ್ತದೋ ಅವರೇ ಸದರಿ ಹುದ್ದೆಯನ್ನು ನೋಡಿಕೊಳ್ಳತಕ್ಕದ್ದು."

ಬೀಗದ ಕೈ ನನ್ನ ಜೇಬಿನಲ್ಲಿತ್ತು.

ಪೊರಕೆ ಮೂಲೆಗೆ ಇಟ್ಟು ಕುರ್ಚಿಯಲ್ಲಿ ಕೂತೆ. ಎಂಟು ವರ್ಷ ಹಿಂದೆ ನಿಂತು ನೋಡಿದ್ದೆ. ಒಂದು ಬೆರಳಿನಲ್ಲಿ ಟೈಪ್ ಮಾಡುವಷ್ಟು ಬರುತ್ತದೆ. ವೃತ್ತ ಅಳಿಸುವಂತಿಲ್ಲ, ನಾನು ಎಳೆದದ್ದಲ್ಲ. ಪೂರ್ತಿ ಮುಚ್ಚುವಂತಿಲ್ಲ, ಕೆರೆ ಮುಚ್ಚಿದವರಿಗೆ ಜೈಲು. ಆದರೆ ಮೇಲೆ ಇನ್ನೊಂದು ಚಿಕ್ಕ ಚಿತ್ರ ಬರೆಯಬೇಡ ಎಂದು ಯಾವ ನಿಯಮವೂ ಹೇಳಿರಲಿಲ್ಲ.

"ಚೌಕ" ಎಂದು ಒತ್ತಿದೆ. ಮನೆಯ ಜಾಗ ಹೇಳಿದೆ. ಎಂಟು ಮೀಟರ್ ಎಂದೆ. ಎಂಟರ್.

ಯಂತ್ರ ಕೇಳಿತು: "ಬಣ್ಣ?"

ಮಣ್ಣಿನ ಬಣ್ಣ ಎಂದೆ. ನೀಲಿಯ ನಡುವೆ ಕಂದು ಚೌಕ ಎದ್ದು ಬಂತು.

ಅಷ್ಟರಲ್ಲಿ ಸಾಹೇಬರು ಬಂದು ಹಿಂದೆ ನಿಂತರು.

"ಇದೇನಪ್ಪ ಇದು?"

"ದ್ವೀಪ, ಸಾಹೇಬ್ರೇ."

ಸಾಹೇಬರು ನಿಯಮದ ಪುಸ್ತಕ ತರಿಸಿದರು. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುಗಿಸಿದರು. ಕೆರೆಯಲ್ಲಿ ಮನೆ ಇರಬಾರದು ಎಂದಿತ್ತು. ದ್ವೀಪದಲ್ಲಿ ಇರಬಾರದು ಎಂದು ಇರಲಿಲ್ಲ. ಇನ್ನೊಂದು ಹಾಳೆ ತಿರುಗಿಸಿದವರು ಅಲ್ಲೇ ನಿಂತರು. ಮುಖ ಅರಳಿತು.

"ದ್ವೀಪ ಅಂದ್ಮೇಲೆ ದೋಣಿ ಕೊಡಬೇಕಂತೆ. ದೋಣಿ ಅಂದ್ಮೇಲೆ ಅಂಬಿಗ ಬೇಕು."

"ಬೇಕು ಸಾಹೇಬ್ರೇ."

"ನನ್ನ ಭಾಮೈದ ಮನೇಲೇ ಕೂತಿದ್ದಾನೆ."

"ಈಜು ಬರುತ್ತಾ?"

"ನಿನ್ನ ಕೆರೆ ಆಳ ಎಷ್ಟು?"

"ಸೊನ್ನೆ."

"ಮತ್ತೆ? ಅಷ್ಟು ಅವನಿಗೆ ಬರುತ್ತೆ."

ಮನೆ ಉಳಿಯುವಂತೆ ಕಂಡಿತು. ಆದರೆ ಯಂತ್ರ ಇನ್ನೂ ಬಿಟ್ಟಿರಲಿಲ್ಲ. "ಹೆಸರು?" ಎಂದು ಕೇಳುತ್ತ ಮಿಣಮಿಣ ಮಾಡುತ್ತಿತ್ತು. ಹೆಸರಿಲ್ಲದ ದ್ವೀಪವನ್ನು ಐದೂವರೆಗೆ ಅದೇ ಅಳಿಸಿಹಾಕುತ್ತದೆ.

"ಬೇಗ ಏನಾದ್ರೂ ಹಾಕು. ನಿನ್ನ ಹೆಂಡತಿ ಹೆಸರೇ ಹಾಕು" ಅಂದರು ಸಾಹೇಬರು.

ಬೆರಳು ಏಳಲಿಲ್ಲ. ಮೂವತ್ತೊಂದು ವರ್ಷ ಸಂಸಾರ ಮಾಡಿದರೂ ಅವಳನ್ನು ಹೆಸರು ಹಿಡಿದು ಕರೆದವನಲ್ಲ ನಾನು. ಅದು ಕಾಗದಪತ್ರದಲ್ಲಿದ್ದ ಹೆಸರು. ಆಸ್ಪತ್ರೆಯವರು ಕರೆದ ಹೆಸರು. ಮನೆಯಲ್ಲಿ ನಾನು ಕರೆಯುತ್ತಿದ್ದದ್ದು ಒಂದೇ. ಅದನ್ನೇ ನಿಧಾನಕ್ಕೆ ಒತ್ತಿದೆ.

ಮರುದಿನ ಪ್ರಕಟಣೆ ಹೊರಟಿತು.

"ಪಟ್ಟಣದ ಏಕೈಕ ದ್ವೀಪವಾದ 'ಇವಳೇ' ಎಂಬುದನ್ನು ಈ ಮೂಲಕ ಘೋಷಿಸಲಾಗಿದೆ. ಜನಸಂಖ್ಯೆ ಒಂದು. ಗೇಟಿನಿಂದ ಬಾಗಿಲಿಗೆ ಹೋಗುವವರು ದೋಣಿಯನ್ನೇ ಬಳಸತಕ್ಕದ್ದು. ಪ್ರಯಾಣದ ಅವಧಿ ನಾಲ್ಕು ನಿಮಿಷ. ಅದಕ್ಕೂ ಮೊದಲು ತಲುಪತಕ್ಕದ್ದಲ್ಲ."

ಸಾಹೇಬರ ಭಾಮೈದ ದೋಣಿ ತಂದು ಅಂಗಳದಲ್ಲಿ ಗೇಟಿನ ಪಕ್ಕ ಇಟ್ಟ. ಗೇಟಿನಿಂದ ಬಾಗಿಲಿಗೆ ಒಂಬತ್ತು ಹೆಜ್ಜೆ. ಕೂತವರು ನಾಲ್ಕು ನಿಮಿಷ ಕೂತಿರಬೇಕು. ಅವನು ಗಾಳಿಯಲ್ಲಿ ಹುಟ್ಟು ಹಾಕುತ್ತಾನೆ. ಆಮೇಲೆ "ಬಂತು, ಇಳೀರಿ" ಅನ್ನುತ್ತಾನೆ. ಇಳಿದು ಉಳಿದದ್ದನ್ನು ನಡೆಯಬೇಕು. ಅಂಚೆಯವನು ಎರಡನೇ ದಿನವೇ ಪ್ಯಾಂಟು ಮಡಚಿಕೊಂಡು ಬಂದ. ಹಾಲಿನವನು ತನ್ನ ಕ್ಯಾನನ್ನು ಎದೆಗೆ ಅಪ್ಪಿಕೊಂಡು ಕೂತ. ಎದುರುಮನೆಯ ಮುದುಕರು ಕಿಟಕಿಯಲ್ಲಿ ಇಣುಕಿ, "ಇವತ್ತು ಅಲೆ ಕಮ್ಮಿ" ಎಂದರು.

ನಾದಿನಿ ಮಾತ್ರ ಒಪ್ಪಲಿಲ್ಲ. ಗೇಟು ತಳ್ಳಿ ಸೀದಾ ನಡೆದು ಬಂದಳು.

"ಅಮ್ಮಾ, ನೀರು! ನೀರು!" ಎಂದು ಭಾಮೈದ ಕೂಗಿದ.

"ಎಲ್ಲಯ್ಯ ನೀರು? ನಿನ್ನ ತಲೇಲಾ?" ಎಂದಳು. ಒಳಗೆ ಬಂದು ಅಕ್ಕನ ಅಂಗೈ ಗುರುತಿನ ಮೇಲೆ ಒಂದು ಗಳಿಗೆ ತನ್ನ ಕೈ ಇಟ್ಟಳು. ಆಮೇಲೆ ನನ್ನ ಅಂಗಿಗೆ ಗುಂಡಿ ಹಾಕಿಕೊಟ್ಟು, ಅದೇ ದಾರಿಯಲ್ಲಿ ನಡೆದೇ ಹೋದಳು.

ಭಾಮೈದ ತನ್ನ ಕರ್ತವ್ಯ ಮಾಡಿದ. ದೋಣಿ ಇಲ್ಲದೆ ಕೆರೆಗೆ ಇಳಿದವರನ್ನು ಮುಳುಗಿದವರು ಎಂದು ಬರೆಯಬೇಕು. ಬರೆದ. ಮುಂದಿನ ವಾರ ಅವಳ ಮನೆಯ ಕರೆಂಟು ಹೋಯಿತು, ನಲ್ಲಿ ನಿಂತಿತು. ಹೊಲಿಗೆ ಅಂಗಡಿಯ ಬಾಗಿಲಿಗೆ "ಮೃತರು" ಎಂಬ ಚೀಟಿ ಬಿತ್ತು. ಅವಳು ಕಚೇರಿಗೆ ಓಡಿ ಬಂದಳು.

"ನಾನು ಬದುಕಿದ್ದೀನಿ ಸ್ವಾಮಿ, ಕಣ್ಣು ಕಾಣಲ್ವಾ?"

"ಕಾಣುತ್ತಮ್ಮ" ಅಂದರು ಸಾಹೇಬರು. "ಆದರೆ ಮುಳುಗಿದವರು ಮೇಲೆ ಬಂದದ್ದಕ್ಕೆ ಸಾಕ್ಷಿ ಬೇಕು. ಯಾರು ಎತ್ತಿದ್ರು?"

ಅವಳು ನನ್ನ ಕಡೆ ನೋಡಿದಳು. ನಾನು ಸಾಹೇಬರ ಕಡೆ ನೋಡಿದೆ.

"ನಾನೇ ಎತ್ತಿದೆ ಸಾಹೇಬ್ರೇ" ಎಂದು ಬರೆದುಕೊಟ್ಟೆ. ಸಾಹಸಕ್ಕಾಗಿ ನನಗೊಂದು ಪ್ರಶಸ್ತಿಪತ್ರವೂ ಬಂತು.

ಮುಂದಿನ ಭಾನುವಾರ ಬೆಳಿಗ್ಗೆ ಗೇಟಿನ ಹೊರಗೆ ದನಿ ಕೇಳಿತು. ನಾದಿನಿ ನಿಂತಿದ್ದಳು. ಗೇಟು ತೆರೆದೇ ಇತ್ತು. ಅವಳು ಒಳಗೆ ಕಾಲಿಡಲಿಲ್ಲ. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು.

"ಭಾವ, ದೋಣಿ ಕಳಿಸಿ."

ಕಳಿಸಿದೆ. ಭಾಮೈದ ಹುಟ್ಟು ಹಾಕಿದ. ಅವಳು ದೋಣಿಯ ಎರಡೂ ಅಂಚು ಗಟ್ಟಿಯಾಗಿ ಹಿಡಿದು ಕೂತಳು.

"ಸ್ವಲ್ಪ ಬೇಗ ಹೋಗಪ್ಪ" ಎಂದಳು.

"ಎದುರು ಗಾಳಿ ಅಮ್ಮ" ಎಂದ.

ಹೌದು ಎಂದು ಅವಳೂ ತಲೆಯಾಡಿಸಿದಳು. ಅವನು 'ಬಂತು' ಎಂದ ಮೇಲೆ ನಾನು ದೋಣಿಯ ಹತ್ತಿರ ಹೋಗಿ ಅವಳ ಕೈ ಹಿಡಿದು ದಡಕ್ಕೆ ಇಳಿಸಿಕೊಂಡೆ.